ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಹಳೆಯ ಗಿಟಾರ್ ಮಾರುವವರು ಬ್ರಾಂಡ್, ಬಣ್ಣ, ತಯಾರಾದ ವರ್ಷ ಇಷ್ಟನ್ನು ಮುಂದಿಡುತ್ತಾರೆ. ಕೊಳ್ಳುವವರು ಹಾಕಬೇಕಾದ ಲೆಕ್ಕ ಬೇರೆ. ಕಂಡ ದೋಷಗಳಲ್ಲಿ ಯಾವುದು ಸ್ಕ್ರೂಡ್ರೈವರಿನಲ್ಲಿ ಮುಗಿಯುತ್ತದೆ, ಯಾವುದಕ್ಕೆ ಬೆಸುಗೆ ಬೇಕು, ಯಾವುದಕ್ಕೆ ಅಂಟು, ಅರ ಹಿಡಿದು ಕೂರುವ ಕಸುಬುದಾರರೇ ಬೇಕು? ಕರಕರ ಎನ್ನುವ ವಾಲ್ಯೂಮ್ ನಾಬ್, ತುಕ್ಕು ಹಿಡಿದ ತಂತಿ, ಅಲುಗಾಡುವ ಜ್ಯಾಕ್ ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ತಿರುಚಿಕೊಂಡ ನೆಕ್ (ಕೈ ಹಿಡಿದು ನುಡಿಸುವ ಉದ್ದನೆಯ ಕುತ್ತಿಗೆ), ಸವೆದು ಚಪ್ಪಟೆಯಾದ ಫ್ರೆಟ್ (ಅದರ ಮೇಲಿನ ಅಡ್ಡ ಲೋಹಪಟ್ಟಿ) ಹಾಗಲ್ಲ. ಅಗ್ಗದ ಗಿಟಾರಿನಲ್ಲಿ ಅವುಗಳ ರಿಪೇರಿ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು. ಹಾಗಾಗಿ ನೋಡುವ ಕ್ರಮ ಹೀಗಿರಲಿ: ಮರ ಮೊದಲು, ಫ್ರೆಟ್ ಆಮೇಲೆ, ನಂತರ ತಂತಿಗಳ ಕೆಳತುದಿಯನ್ನು ಹೊರುವ ಬ್ರಿಡ್ಜ್, ವೈರಿಂಗ್ ಕೊನೆಗೆ. ನೆಕ್‌ನ ತುದಿಯ ಹೆಡ್‌ಸ್ಟಾಕ್ ಮೇಲಿನ ಹೆಸರು ಇವೆಲ್ಲದರ ಹಿಂದೆ.

ಬೋಲ್ಟ್ ನೆಕ್ಕೋ, ಅಂಟಿಸಿದ ನೆಕ್ಕೋ

ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಗಿಟಾರ್‌ಗಳು ಎರಡು ಮನೆತನಗಳಿಗೆ ಸೇರಿದವು. ಒಂದು ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಮತ್ತು 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ದಾರಿಯದು. ಇದರಲ್ಲಿ ನೆಕ್ ಅನ್ನು ಗಿಟಾರಿನ ಒಡಲಾದ ಬಾಡಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಇನ್ನೊಂದು ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್ ಮತ್ತು 1961ರಿಂದ ಬಂದ ಎಸ್‌ಜಿ ದಾರಿ. ಇಲ್ಲಿ ನೆಕ್ ಬಾಡಿಯೊಳಗೆ ಅಂಟಿಕೊಂಡಿರುತ್ತದೆ. ನಕಲುಗಳು, ಅಗ್ಗದ ಮಾದರಿಗಳು, ಬೇರೆ ಕಂಪನಿಯವು ಬಹುಪಾಲು ಈ ಎರಡರಲ್ಲಿ ಒಂದನ್ನು ಅನುಸರಿಸುತ್ತವೆ.

ಬೋಲ್ಟ್ ನೆಕ್‌ನ ದೊಡ್ಡ ಗುಣ ಅದು ಬಿಚ್ಚಲು ಬರುತ್ತದೆ ಎನ್ನುವುದು. ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಉಳಿದರೆ ನೆಕ್ ಬಿಚ್ಚಿ, ಬಾಡಿಯ ತಗ್ಗಿನಲ್ಲಿ ಅರ್ಧ ಡಿಗ್ರಿ ಇಳಿಜಾರಿನ ತೆಳು ಮರದ ಬೆಣೆ ಇಟ್ಟರೆ ಕೋನ ಸರಿಯಾಗುತ್ತದೆ. ನೆಕ್ ಪೂರ್ತಿ ಹಾಳಾಗಿದ್ದರೂ ಅದೇ ಅಳತೆಯ ಇನ್ನೊಂದನ್ನು ಕೂರಿಸಬಹುದು. ಅಂಟಿಸಿದ ನೆಕ್‌ನಲ್ಲಿ ಕೋನ ತಪ್ಪಿದ್ದರೆ ಜೋಡಣೆಯನ್ನೇ ಬಿಡಿಸಿ ಮತ್ತೆ ಕೂರಿಸಬೇಕು. ಬೆಲೆಬಾಳುವ ಗಿಟಾರಿಗೆ ಬಿಟ್ಟರೆ ಆ ಕೆಲಸ ಯಾರೂ ಮಾಡಿಸುವುದಿಲ್ಲ. ಪರೀಕ್ಷೆ ಸುಲಭ: ಬ್ರಿಡ್ಜ್‌ನ ಎರಡೂ ಕಡೆಯ ಚಕ್ರಗಳನ್ನು ನೋಡಿ. ಬ್ರಿಡ್ಜ್ ಬಾಡಿಗೆ ತಾಗುವಷ್ಟು ಇಳಿದಿದ್ದು, ನೆಕ್ ನೇರವಾಗಿದ್ದೂ 12ನೇ ಫ್ರೆಟ್ ಹತ್ತಿರ ತಂತಿ ಎತ್ತರದಲ್ಲಿದ್ದರೆ ಆ ಗಿಟಾರ್ ಬೇಡ.

ಲೆಸ್ ಪಾಲ್ ವಂಶಕ್ಕೆ ಇನ್ನೊಂದು ಹುಟ್ಟುದೋಷವಿದೆ. ಹೆಡ್‌ಸ್ಟಾಕ್ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ, ಮರ ಮಹಾಗನಿ, ಸಾಲದ್ದಕ್ಕೆ ಟ್ರಸ್ ರಾಡಿನ (ನೆಕ್ ಒಳಗಿದ್ದು ಅದರ ಬಾಗು ಹೊಂದಿಸುವ ಲೋಹದ ಸರಳು) ತಿರುಪಿಗಾಗಿ ಸರಿಯಾಗಿ ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಗೀರುಗಳಿರುವ ಪಟ್ಟಿ) ಹಿಂದೆಯೇ ಮರ ತೋಡಿರುತ್ತಾರೆ. ಸ್ಟ್ಯಾಂಡಿನಿಂದ ಬೆನ್ನಿನ ಮೇಲೆ ಬಿದ್ದರೆ ಮುರಿಯುವುದು ಅಲ್ಲೇ. ನಟ್‌ನ ಹಿಂಭಾಗದ ಮೂರ್ನಾಲ್ಕು ಸೆಂಟಿಮೀಟರಿಗೆ ಟಾರ್ಚ್ ಅನ್ನು ಓರೆಯಾಗಿ ಹಿಡಿದು ನೋಡಿ, ಉಗುರನ್ನು ಅಡ್ಡಡ್ಡ ಎಳೆಯಿರಿ. ಗೆರೆ ಸಿಕ್ಕಿದರೆ ಮಾರುವವರನ್ನು ನೇರವಾಗಿ ಕೇಳಿ. ನೇರಳಾತೀತ ಟಾರ್ಚ್ ಇದ್ದರಂತೂ ಇನ್ನೂ ಒಳ್ಳೆಯದು: ಹಳೆಯ ಬಣ್ಣದ ನಡುವೆ ಹೊಸದಾಗಿ ಬಳಿದ ಭಾಗ ಬೇರೆಯಾಗಿ ಹೊಳೆದು ಕಾಣುತ್ತದೆ. ಹಾಗಂತ ಒಮ್ಮೆ ಮುರಿದು ಸರಿಯಾಗಿ ಅಂಟಿಸಿದ ಹೆಡ್‌ಸ್ಟಾಕ್ ಕೆಟ್ಟ ಕೊಳ್ಳುವಿಕೆ ಎಂದಲ್ಲ. ಉದ್ದನೆಯ ಸೀಳನ್ನು ಒಳ್ಳೆಯ ಅಂಟಿನಿಂದ ಬಿಗಿದಿದ್ದರೆ ಜೋಡು ಗಟ್ಟಿಯಾಗಿಯೇ ಇರುತ್ತದೆ, ಬೆಲೆ ಮಾತ್ರ ಶಾಶ್ವತವಾಗಿ ಇಳಿದಿರುತ್ತದೆ. ನುಡಿಸಲೆಂದೇ ಕೊಳ್ಳುವವರಿಗೆ ಇದು ಲಾಭ, ಮುಂದೆ ಮಾರುವ ಯೋಚನೆ ಇರುವವರಿಗೆ ನಷ್ಟ. ತಂತಿ ಬಿಗಿದಾಗ ಬಾಯಿ ಬಿಡುವ ಬಿರುಕು ಮಾತ್ರ ಯಾವ ಬೆಲೆಗೂ ಬೇಡ.

ಫೆಂಡರ್ ಮಾದರಿಯ ಚಪ್ಪಟೆ ಹೆಡ್‌ಸ್ಟಾಕ್ ಹೀಗೆ ಮುರಿಯುವುದು ಅಪರೂಪ. ಅಲ್ಲಿ ಹೆದರಿಸುವುದು ನೆಕ್ ಕೂರುವ ತಗ್ಗಿನ ಮೂಲೆಯ ಸಣ್ಣ ಬಿರುಕುಗಳು. ಅವು ಹೆಚ್ಚಾಗಿ ಬಣ್ಣದ ಪದರದಲ್ಲಷ್ಟೇ ಇರುತ್ತವೆ, ಚಿಂತೆಯಿಲ್ಲ.

ನೆಕ್ ಅನ್ನು ಅಳೆಯುವುದು

ಮೊದಲು ಗಿಟಾರನ್ನು ಸರಿಯಾದ ಶ್ರುತಿಗೆ ತನ್ನಿ. ಸಡಿಲ ತಂತಿಯಲ್ಲಿ ನೆಕ್ ನೋಡುವುದು ವ್ಯರ್ಥ. 10–46 ಸೆಟ್ (ಅತಿ ತೆಳು ತಂತಿ ಇಂಚಿನ ಸಾವಿರ ಭಾಗದಲ್ಲಿ 10, ಅತಿ ದಪ್ಪದ್ದು 46) ಫೆಂಡರ್ ಅಳತೆಯ ನೆಕ್ ಮೇಲೆ ಸುಮಾರು 46 ಕೆ.ಜಿ. ಎಳೆತ ಹಾಕುತ್ತದೆ, ನೆಕ್‌ನ ನಿಜವಾದ ಆಕಾರ ಕಾಣುವುದು ಆ ಎಳೆತದಲ್ಲೇ. ಒಂದನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿ ಸೇರುವಲ್ಲಿ, ಅಂದರೆ 17ನೇ ಫ್ರೆಟ್ ಆಸುಪಾಸಿನಲ್ಲಿ, ಆರನೇ, ಅಂದರೆ ಅತಿ ದಪ್ಪ, ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಆ ತಂತಿ ನೇರಪಟ್ಟಿಯ ಕೆಲಸ ಮಾಡುತ್ತದೆ. 7 ಅಥವಾ 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಕೈಯಲ್ಲಿಲ್ಲವೇ? 10ರ ಸೆಟ್ಟಿನ ಒಂದನೇ ತಂತಿಯ ದಪ್ಪ 0.25 ಮಿ.ಮೀ.; ಕತ್ತರಿಸಿ ಎಸೆಯುವ ಅದರ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು. ಸಂದಿನಲ್ಲಿ ಅದು ತಂತಿಯನ್ನು ಎತ್ತದೆ, ಹಗುರಾಗಿ ತಾಗುತ್ತ ಸರಿದುಹೋದರೆ ನೆಕ್ ಸರಿಯಾಗಿದೆ. ಅದೇ ಪರೀಕ್ಷೆಯನ್ನು ಒಂದನೇ ತಂತಿಯ ಕೆಳಗೂ ಮಾಡಿ. ಎರಡು ಬದಿಯಲ್ಲಿ ಸಂದು ತೀರಾ ಬೇರೆಯಾಗಿದ್ದರೆ ನೆಕ್ ತಿರುಚಿಕೊಂಡಿದೆ. ಅದನ್ನು ಟ್ರಸ್ ರಾಡ್ ಸರಿಮಾಡಲಾರದು.

ಸಂದು ಹೆಚ್ಚೋ ಕಡಿಮೆಯೋ ಇದ್ದರೆ ಅದೇ ದೋಷವಲ್ಲ. ಟ್ರಸ್ ರಾಡ್ ಕೆಲಸ ಮಾಡುತ್ತದೆಯೇ ಎಂಬುದು ಪ್ರಶ್ನೆ. ಮಾರುವವರ ಒಪ್ಪಿಗೆ ಪಡೆದು, ಅವರೆದುರೇ ತಿರುಪನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ಮತ್ತೆ ಮೊದಲಿದ್ದಲ್ಲಿಗೆ ತನ್ನಿ. ಮೊದಲು ಸಡಿಲಿಸುವುದೇ ಸುರಕ್ಷಿತ. ಗಿಬ್ಸನ್‌ಗೆ 5/16 ಇಂಚಿನ ಬಾಕ್ಸ್ ಸ್ಪ್ಯಾನರ್ ಬೇಕು, ಉಳಿದವುಗಳಿಗೆ ಸಾಮಾನ್ಯವಾಗಿ ಅಲೆನ್ ಕೀ. ಅಮೆರಿಕದಲ್ಲಿ ತಯಾರಾದ ಈಚಿನ ಫೆಂಡರ್‌ಗಳಿಗೆ 1/8 ಇಂಚು, ಏಷ್ಯಾದಲ್ಲಿ ತಯಾರಾದ ಅನೇಕ ಮಾದರಿಗಳಿಗೆ 4 ಅಥವಾ 5 ಮಿ.ಮೀ. ಇಂಚಿನ ತೂತಿಗೆ ಮಿಲಿಮೀಟರ್ ಕೀ ತುರುಕಿದರೆ ಅಂಚುಗಳು ಸವೆದು ತಿರುಪೇ ಕೆಟ್ಟುಹೋಗುತ್ತದೆ. ಹಳೆಯ ಗಿಟಾರ್‌ಗಳಲ್ಲಿ ಹಾಗೆ ಕೆಟ್ಟಿರುವುದೂ ಉಂಟು, ಒಳಗೆ ಬೆಳಕು ಹಾಕಿ ನೋಡಿ. ತಿರುಪು ಪೂರ್ತಿ ಬಿಗಿದು ನಿಂತಿದ್ದೂ ನೆಕ್ ಇನ್ನೂ ಮುಂದಕ್ಕೆ ಬಾಗಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಕಡೆ ಗಮನವಿರಲಿ. 14ನೇ ಫ್ರೆಟ್ ದಾಟಿದ ಮೇಲೆ ಕೆಲವು ನೆಕ್‌ಗಳು ಮೇಲಕ್ಕೆ ಎದ್ದಿರುತ್ತವೆ. ಒಂದನೇ ಮತ್ತು ಎರಡನೇ ತಂತಿಯನ್ನು 12ರಿಂದ 17ರವರೆಗೆ ಒಂದೊಂದೇ ಫ್ರೆಟ್‌ನಲ್ಲಿ ಒಂದು ಪೂರ್ಣ ಸ್ವರ ಏರುವಷ್ಟು ಬದಿಗೆ ಎಳೆದು ನೋಡಿ. ಸ್ವರ ಉಸಿರುಗಟ್ಟಿದಂತೆ ನಿಂತರೆ ಅಲ್ಲಿ ಮುಂದಿನ ಫ್ರೆಟ್ ಎತ್ತರವಾಗಿದೆ. ಆದರೆ 7.25 ಇಂಚಿನ ರೇಡಿಯಸ್ಸಿನ, ಅಂದರೆ ಫ್ರೆಟ್ ಕೂತ ಹಲಗೆ ಹೆಚ್ಚು ದುಂಡಗಿರುವ, ಹಳೆಯ ಫೆಂಡರ್ ಮಾದರಿಗಳಲ್ಲಿ ತಂತಿ ತೀರಾ ತಗ್ಗಿನಲ್ಲಿದ್ದರೆ ದೋಷವಿಲ್ಲದಿದ್ದರೂ ಹೀಗಾಗುತ್ತದೆ. 9.5 ಅಥವಾ 12 ಇಂಚಿನ ರೇಡಿಯಸ್ಸಿನಲ್ಲಿ ಆಗಬಾರದು.

ಫ್ರೆಟ್‌ನಲ್ಲಿ ಎಷ್ಟು ಆಯುಸ್ಸು ಉಳಿದಿದೆ

ಹೊಸ ಫ್ರೆಟ್‌ನ ಎತ್ತರ ಸಾಮಾನ್ಯವಾಗಿ 1.1ರಿಂದ 1.4 ಮಿ.ಮೀ. ಒಮ್ಮೆ ಸಮತಟ್ಟು ಮಾಡಿಸಿದರೆ 0.1ರಿಂದ 0.2 ಮಿ.ಮೀ. ಹೋಗುತ್ತದೆ. ಎತ್ತರ 0.7ರ ಕೆಳಗಿದ್ದರೆ ಮತ್ತೆ ಅರೆಯಲು ಲೋಹವೇ ಇರುವುದಿಲ್ಲ, ಎಲ್ಲ ಕಿತ್ತು ಹೊಸದು ಹಾಕಿಸಬೇಕು. ಡಿಜಿಟಲ್ ಕ್ಯಾಲಿಪರಿನ ಬಾಲದ ಕಡ್ಡಿಯಿಂದ ಇದನ್ನು ಅಳೆಯಬಹುದು. ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ತಗ್ಗು ಬಿದ್ದಿರುವುದು ಸಾಮಾನ್ಯ. ತಗ್ಗಿನ ಆಳ ಉಳಿದ ಎತ್ತರದ ಅರ್ಧದಷ್ಟಿದ್ದರೆ ಹೊಸ ಫ್ರೆಟ್‌ನ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ.

ಆ ಖರ್ಚು ಎಲ್ಲ ನೆಕ್‌ಗೂ ಒಂದೇ ಅಲ್ಲ. ರೋಸ್‌ವುಡ್ ಹಲಗೆಯದು ಸುಲಭ. ವಾರ್ನಿಷ್ ಹೊಡೆದ ಮೇಪಲ್‌ಗೆ ಹೆಚ್ಚು, ಏಕೆಂದರೆ ಫ್ರೆಟ್ ಕೀಳುವಾಗ ಹೊರಪದರ ಚಕ್ಕೆ ಏಳದಂತೆ ನೋಡಿಕೊಂಡು, ಬೇಕಾದರೆ ಮತ್ತೆ ವಾರ್ನಿಷ್ ಹಾಕಬೇಕು. ಬದಿಗೆ ಪ್ಲಾಸ್ಟಿಕ್ ಅಂಚುಪಟ್ಟಿ ಇರುವ ಲೆಸ್ ಪಾಲ್ ಬಗೆಗೂ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಇರುವ ಹಳೆಯ ಗಿಟಾರ್ ಸಿಕ್ಕರೆ ಅದು ಮಾಮೂಲಿ ನಿಕಲ್ ಮಿಶ್ರಲೋಹದ್ದಕ್ಕಿಂತ ಬಹಳ ಕಾಲ ಬರುತ್ತದೆ. ಎರಡು ಗಿಟಾರ್ ನಡುವೆ ತೂಗಾಟವಾಗುತ್ತಿದ್ದರೆ ಇದೊಂದೇ ಕಾರಣ ಸಾಕು.

ನೆಕ್‌ನ ಅಂಚಿನ ಮೇಲೆ ಅಂಗೈ ಸವರಿ. ಫ್ರೆಟ್ ತುದಿಗಳು ಗರಗಸದಂತೆ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ಲೋಹ ಕುಗ್ಗದೆ ಹೊರಗೆ ಉಳಿದಿದೆ. ಇದು ಸಣ್ಣ ದೋಷ. ತಕ್ಷಣ ಅರ ಹಿಡಿಯಬೇಡಿ, ಗಿಟಾರನ್ನು ಕೆಲವು ವಾರ ಸರಿಯಾದ ತೇವಾಂಶದಲ್ಲಿಟ್ಟು ಆಮೇಲೂ ಚುಚ್ಚಿದರಷ್ಟೇ ಉಜ್ಜಿ.

ಬ್ರಿಡ್ಜ್: ಅಲುಗದ್ದು, ಅಲುಗುವುದು, ಬೀಗ ಹಾಕಿದ್ದು

ಮೊದಲ ಗಿಟಾರಿಗೆ ಅಲುಗದ ಬ್ರಿಡ್ಜ್ ಇರುವುದನ್ನೇ ಆರಿಸಿ. ಟೆಲಿಕಾಸ್ಟರ್, ಲೆಸ್ ಪಾಲ್, ಎಸ್‌ಜಿ ಈ ಗುಂಪಿನವು. ತಂತಿ ಹಾಕಲು ಹತ್ತು ನಿಮಿಷ, ಒಂದು ತಂತಿ ಹರಿದರೆ ಉಳಿದ ಐದು ಶ್ರುತಿ ಬಿಡುವುದಿಲ್ಲ, ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿ ನುಡಿಸಬೇಕೆಂದರೂ ತೊಂದರೆಯಿಲ್ಲ.

ಹಿಡಿಕೆಯಿಂದ ಅಲುಗಿಸಿ ಸ್ವರ ಏರಿಳಿಸುವ ಸ್ಟ್ರಾಟೋಕಾಸ್ಟರ್‌ನ ಸ್ಪ್ರಿಂಗ್ ಬ್ರಿಡ್ಜ್ ನಡುವಿನ ದಾರಿ. ಹಿಂಬದಿಯ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಗಿದರೆ ಬ್ರಿಡ್ಜ್ ಬಾಡಿಗೆ ಒತ್ತಿ ಕೂತು ಅಲುಗದ ಬ್ರಿಡ್ಜ್‌ನಂತೆಯೇ ನಡೆಯುತ್ತದೆ. ಬೇಕೆನಿಸಿದಾಗ ಸಡಿಲಿಸಿದರಾಯಿತು. ಕೊಳ್ಳುವಾಗ ಹಿಡಿಕೆ ಸಿಗಿಸುವ ತೂತನ್ನು ಗಮನಿಸಿ: ಒಳಗೆ ಮುರಿದ ಹಿಡಿಕೆಯ ತುಂಡು ಸಿಕ್ಕಿಕೊಂಡಿರುವುದು ಆಗಾಗ ಕಾಣುತ್ತದೆ, ತೆಗೆಯುವುದು ರಗಳೆ.

1979ರಲ್ಲಿ ಪೇಟೆಂಟ್ ಪಡೆದ ಫ್ಲಾಯ್ಡ್ ರೋಸ್ ಬ್ರಿಡ್ಜ್ ತಂತಿಗೆ ಎರಡೂ ತುದಿಯಲ್ಲಿ ಬೀಗ ಹಾಕುತ್ತದೆ. ಸುಸ್ಥಿತಿಯಲ್ಲಿದ್ದರೆ ಎಷ್ಟು ಜಗ್ಗಿದರೂ ಶ್ರುತಿಗೆ ಮರಳುತ್ತದೆ. ಸುಸ್ಥಿತಿ ಎಂಬುದು ಎರಡು ಕಂಬಗಳಿಗೆ ಒರಗಿದ ಚೂಪು ಅಂಚುಗಳನ್ನು ಅವಲಂಬಿಸಿದೆ. ಅಗ್ಗದ ಗಿಟಾರ್‌ಗಳಲ್ಲಿ ಬರುವ ಇದರ ನಕಲುಗಳಲ್ಲಿ ಲೋಹ ಮೆದು, ಅಂಚು ಬೇಗ ಮೊಂಡಾಗುತ್ತದೆ. ಆಮೇಲೆ ಪ್ರತಿಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ. ಪರೀಕ್ಷಿಸಲು ಹಿಡಿಕೆಯನ್ನು ಒತ್ತಿ ಬಿಡಿ, ಟ್ಯೂನರ್ ನೋಡಿ. ಮೇಲಕ್ಕೆ ಎಳೆದು ಬಿಡಿ, ಮತ್ತೆ ನೋಡಿ. ಎರಡು ಸಲವೂ ಸೂಜಿ ಒಂದೇ ಕಡೆ ನಿಲ್ಲದಿದ್ದರೆ, ಬೀಗಗಳೂ ಬಿಗಿಯಾಗಿದ್ದರೆ, ಅಂಚು ಸವೆದಿದೆ. ತಂತಿಯ ದಪ್ಪ ಬದಲಿಸಿದರೂ ಶ್ರುತಿ ಬದಲಿಸಿದರೂ ಸ್ಪ್ರಿಂಗ್‌ಗಳ ಸಮತೋಲವನ್ನು ಮೊದಲಿಂದ ಹೊಂದಿಸಬೇಕು. ಹಿಡಿಕೆಯನ್ನು ನಿಜವಾಗಿ ಬಳಸದವರಿಗೆ ಈ ಕಿರಿಕಿರಿಯಿಂದ ಏನೂ ದಕ್ಕುವುದಿಲ್ಲ.

ಪಿಕಪ್ ಮತ್ತು ವೈರಿಂಗ್

ಪಿಕಪ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಒಂದೇ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ಸ್ವಚ್ಛವಾಗಿ, ಚುರುಕಾಗಿ ಕೇಳುತ್ತದೆ, ಜೊತೆಗೆ ವಿದ್ಯುತ್ ಜಾಲದ 50 ಅಥವಾ 60 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಎರಡು ಸುರುಳಿಗಳಿದ್ದು, ಆ ಸದ್ದು ಒಂದಕ್ಕೊಂದು ಹೊಡೆದು ಹೋಗುತ್ತದೆ. ಆಂಪ್ಲಿಫೈಯರ್‌ನಲ್ಲಿ ಗೇನ್ (ಸಂಕೇತದ ವರ್ಧನೆ) ಏರಿಸಿ ನುಡಿಸುವವರಿಗೆ ಹಂಬಕರ್ ಸುಖ. ಆದರೆ ಪಿಕಪ್ ಬದಲಿಸುವುದು ಕೆಲವು ಬೆಸುಗೆಗಳ ಕೆಲಸವಾದ್ದರಿಂದ, ಒಳ್ಳೆಯ ನೆಕ್ ಇರುವ ಗಿಟಾರನ್ನು ಪಿಕಪ್ ಹಿಡಿಸಲಿಲ್ಲ ಎಂದು ಬಿಟ್ಟುಬರಬೇಡಿ.

ಆಂಪ್ಲಿಫೈಯರ್ ಇಲ್ಲದ ಕಡೆಯೂ ಒಂದು ಮಲ್ಟಿಮೀಟರ್‌ನಿಂದ ವೈರಿಂಗ್‌ನ ಕಥೆ ತಿಳಿಯುತ್ತದೆ. ಗಿಟಾರಿಗೆ ಕೇಬಲ್ ಸಿಗಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಯ ಪ್ಲಗ್‌ನಲ್ಲಿ ಮೊನೆಗೆ ಒಂದು ಕಡ್ಡಿ, ಬುಡದ ಕೊಳವೆಗೆ ಇನ್ನೊಂದು ಕಡ್ಡಿ ಮುಟ್ಟಿಸಿ. ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ಓದಿ. ಸ್ಟ್ರಾಟೋಕಾಸ್ಟರ್ ಬಗೆಯ ಸಿಂಗಲ್ ಕಾಯಿಲ್ 5.5ರಿಂದ 6.5 ಕಿಲೋ ಓಮ್ ತೋರಿಸುತ್ತದೆ, ಎರಡು ಪಿಕಪ್ ಒಟ್ಟಿಗಿರುವ ಸ್ಥಾನಗಳಲ್ಲಿ ಅದರ ಅರ್ಧದ ಹತ್ತಿರ. ಮಾಮೂಲಿ ಹಂಬಕರ್ 7ರಿಂದ 9, ಜೋರು ಸದ್ದಿನವು 12ರಿಂದ 16. ಇದ್ದಕ್ಕಿದ್ದಂತೆ 250 ಅಥವಾ 500 ಕಿಲೋ ಓಮ್ ಬಂದರೆ ಪಿಕಪ್‌ನ ಸುರುಳಿ ಒಳಗೆ ಹರಿದಿರಬಹುದು, ಇಲ್ಲವೇ ವೈರು ಬಿಟ್ಟಿರಬಹುದು. ಆಗ ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟ್‌ನ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್) ರೋಧವನ್ನು. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಬ್ಯಾಟರಿ ಬಳಸುವ ಆಕ್ಟಿವ್ ಪಿಕಪ್‌ಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳಿಗೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿಯೇ ಕೇಳಬೇಕು.

ಆಂಪ್ಲಿಫೈಯರ್ ಇದ್ದರೆ ತಂತಿ ಮುಟ್ಟಿ ನೋಡಿ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಸರಿ. ಏನೂ ಬದಲಾಗದಿದ್ದರೆ ಬ್ರಿಡ್ಜ್‌ಗೆ ಹೋಗುವ ಅರ್ಥಿಂಗ್ ವೈರು ಬಿಟ್ಟಿದೆ. ಮುಟ್ಟಿದಾಗ ಹೆಚ್ಚಾದರೆ ಜ್ಯಾಕ್‌ನಲ್ಲಿ ಎರಡು ವೈರು ಅದಲುಬದಲಾಗಿವೆ, ಯಾರೋ ಕೈ ಹಾಕಿದ್ದಾರೆ. ಈ ಎರಡೂ ಸಣ್ಣ ಕೆಲಸವೇ, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ.

ಅಸಲಿಯೋ ನಕಲಿಯೋ

ಹೆಚ್ಚು ನಕಲಾಗುವುದು ಲೆಸ್ ಪಾಲ್. ಹೆಡ್‌ಸ್ಟಾಕ್ ಮೇಲಿನ ಟ್ರಸ್ ರಾಡ್ ಮುಚ್ಚಳಕ್ಕೆ ಗಿಬ್ಸನ್‌ನಲ್ಲಿ ಎರಡು ಸ್ಕ್ರೂ, ಅನೇಕ ನಕಲಿಗಳಲ್ಲಿ ಮೂರು. ಸೀರಿಯಲ್ ನಂಬರನ್ನೂ ಓದಿ. 1977ರಿಂದ 2005ರವರೆಗಿನ ಮಾಮೂಲಿ ಮಾದರಿಗಳಲ್ಲಿ ಎಂಟು ಅಂಕಿಗಳಿದ್ದು, ಒಂದನೇ ಮತ್ತು ಐದನೇ ಅಂಕಿ ವರ್ಷವನ್ನೂ ಎರಡರಿಂದ ನಾಲ್ಕನೆಯವು ವರ್ಷದ ಎಷ್ಟನೇ ದಿನವೆಂಬುದನ್ನೂ ಹೇಳುತ್ತವೆ. 82345612 ಎಂದಿದ್ದರೆ 1985ರ 234ನೇ ದಿನ, ಆಗಸ್ಟ್ 22. ದಿನದ ಜಾಗದಲ್ಲಿ 366 ದಾಟಿದ ಸಂಖ್ಯೆ ಕಂಡರೆ ಅನುಮಾನಪಡಿ. ಕಸ್ಟಮ್, ಮರುತಯಾರಿಕೆ ಮತ್ತು ಕೆಲವು ವಿಶೇಷ ಮಾದರಿಗಳಿಗೆ ಬೇರೆ ಕ್ರಮವಿದೆ. ಫೆಂಡರ್‌ನಲ್ಲಿ ನಂಬರ್ ನಂಬುವುದು ಇನ್ನೂ ಕಷ್ಟ, ನೆಕ್ ಬದಲಾಗಿರಬಹುದು. ನೆಕ್ ಬಿಚ್ಚಿ ಬುಡದಲ್ಲಿನ ಮುದ್ರೆ ಅಥವಾ ಬರಹ ನೋಡುವುದೇ ಮೇಲು.

2017ರ ಜನವರಿ 2ರಿಂದ 2019ರ ನವೆಂಬರ್ 26ರವರೆಗೆ ಗಡಿ ದಾಟುವ ರೋಸ್‌ವುಡ್ ವಾದ್ಯಗಳಿಗೂ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕಿತ್ತು. ಹಾಗಾಗಿ ಆ ಅವಧಿಯ ಅನೇಕ ಗಿಟಾರ್‌ಗಳಲ್ಲಿ ಪಾವ್ ಫೆರೋ ಅಥವಾ ಲಾರೆಲ್ ಹಲಗೆ ಇರುತ್ತದೆ. ರೋಸ್‌ವುಡ್ ಅಲ್ಲವೆಂದು ಇವುಗಳ ಬೆಲೆ ಇಳಿದಿದ್ದರೆ ಧಾರಾಳವಾಗಿ ಕೊಳ್ಳಿ. ನುಡಿಸುವ ಬೆರಳಿಗೆ ವ್ಯತ್ಯಾಸ ತಿಳಿಯುವುದು ಅಷ್ಟರಲ್ಲೇ ಇದೆ. ಬ್ರೆಜಿಲ್ ರೋಸ್‌ವುಡ್ ಮಾತ್ರ 1992ರಿಂದ ಅತಿ ಕಠಿಣ ಪಟ್ಟಿಯಲ್ಲಿದೆ, ದಾಖಲೆಯಿಲ್ಲದೆ ಅದನ್ನು ದೇಶ ದಾಟಿಸುವಂತಿಲ್ಲ.

ಕೈಗೆ ಯಾವುದು ಒಗ್ಗುತ್ತದೆ

ಫೆಂಡರ್ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) 25.5 ಇಂಚು, ಗಿಬ್ಸನ್‌ದು 24.75. ಒಂದೇ ತಂತಿ ಹಾಕಿದರೂ ಗಿಬ್ಸನ್‌ನಲ್ಲಿ ಎಳೆತ ಸುಮಾರು 6 ಶೇಕಡಾ ಕಡಿಮೆ. ಬೆರಳು ಸಣ್ಣದಿದ್ದವರಿಗೆ, ತಂತಿ ಹೆಚ್ಚು ಎಳೆಯುವವರಿಗೆ ಅನುಕೂಲ. ಲೆಸ್ ಪಾಲ್ ನಾಲ್ಕು ಕೆ.ಜಿ. ದಾಟುವುದುಂಟು, ನಿಂತು ನುಡಿಸುವವರು ಪಟ್ಟಿ ಹಾಕಿಕೊಂಡೇ ಪರೀಕ್ಷಿಸಲಿ. ಎಸ್‌ಜಿ ಹಗುರ, ಆದರೆ ಕೈ ಬಿಟ್ಟರೆ ಹೆಡ್‌ಸ್ಟಾಕ್ ನೆಲದ ಕಡೆ ವಾಲುತ್ತದೆ.

ತಂದ ಮೇಲೆ

ಕೆಲಸದ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕಾಗುತ್ತದೆ. ಹೊಸ ತಂತಿ, ನಂತರ ನೆಕ್‌ನ ಬಾಗು, ನಂತರ ತಂತಿಯ ಎತ್ತರ, ಕೊನೆಗೆ ಇಂಟೊನೇಶನ್, ಅಂದರೆ ನೆಕ್‌ನ ಉದ್ದಕ್ಕೂ ಸ್ವರ ಸರಿಯಾಗಿ ಬರುವಂತೆ ಹೊಂದಿಸುವುದು.

ಟ್ರಸ್ ರಾಡ್ ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಪ್ರತಿ ತಿರುವಿನ ಬಳಿಕ ಶ್ರುತಿ ಮಾಡಿ ಮತ್ತೆ ಅಳೆಯಿರಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಫೆಂಡರ್ ಬಗೆಗೆ ಎರಡೂ ಬದಿ 1.6 ಮಿ.ಮೀ., ಗಿಬ್ಸನ್ ಬಗೆಗೆ ದಪ್ಪ ತಂತಿಗೆ 2, ತೆಳುವಿಗೆ 1.2 ಎಂಬುದು ಒಳ್ಳೆಯ ಆರಂಭ. ಇಂಟೊನೇಶನ್‌ಗೆ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಹಗುರಾಗಿ ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೆಯ ತಂತಿಯಲ್ಲಿ ಇದನ್ನು ಮಾಡಲು ಹೋಗಿ ಸ್ಯಾಡಲ್‌ಗೆ ಜಾಗವೇ ಸಾಲದಾಗುವುದುಂಟು, ತಪ್ಪು ಬ್ರಿಡ್ಜ್‌ನದಲ್ಲ.

ಶ್ರುತಿ ನಿಲ್ಲುವುದಿಲ್ಲ ಎಂದಾಗ ಎಲ್ಲರೂ ಮೊದಲು ಬೈಯುವುದು ಕಿವಿಗಳನ್ನು, ಅಂದರೆ ಟ್ಯೂನಿಂಗ್ ಕೀಗಳನ್ನು. ಬಹಳ ಸಲ ತಪ್ಪು ನಟ್‌ನ ಗೀರುಗಳದು. ಬಿಗಿಯುವಾಗ ‘ಟಿಣ್’ ಎಂದು ಸದ್ದಾಗಿ ಸ್ವರ ಜಿಗಿದರೆ ತಂತಿ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿ ಎತ್ತಿ, ಮೃದು ಪೆನ್ಸಿಲ್‌ನ ಮೊನೆಯನ್ನು ಗೀರಿನಲ್ಲಿ ಉಜ್ಜಿ. ಗೀರಿನ ಎತ್ತರ ನೋಡಲು: ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿದಾಗ ಒಂದನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಇರಬೇಕು. ಇಲ್ಲವೇ ಇಲ್ಲ, ತೆರೆದ ತಂತಿ ಝೇಂಕರಿಸುತ್ತದೆ ಎಂದರೆ ಹೊಸ ನಟ್ ಹಾಕಿಸಿ.

ಕರಕರ ಎನ್ನುವ ಪಾಟ್‌ಗೆ ಎಲೆಕ್ಟ್ರಾನಿಕ್ಸ್‌ನ ಕಾಂಟ್ಯಾಕ್ಟ್ ಕ್ಲೀನರ್ ಬೇಕು, ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯಲ್ಲ. ನಾಬ್‌ನ ಮೇಲಿಂದ ಸಿಂಪಡಿಸಿದರೆ ಒಳಗಿನ ಪಟ್ಟಿಗೆ ತಲುಪದು. ಮುಚ್ಚಳ ತೆಗೆದು, ಪಾಟ್‌ನ ಮೂರು ಕಾಲುಗಳ ಮೇಲಿನ ಸಂದಿಗೆ ಒಂದು ಚಿಮುಕು ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಫ್ರೆಟ್ ಹೊಳಪಿಸಲು ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್‌ಗಳನ್ನು ಟೇಪಿನಿಂದ ಪೂರ್ತಿ ಮುಚ್ಚಿ, ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಬಿಡಿಸುವುದು ಸುಲಭವಲ್ಲ. ರೋಸ್‌ವುಡ್, ಎಬೊನಿ ಹಲಗೆಗೆ ವರ್ಷಕ್ಕೆ ಒಂದೆರಡು ಸಲ ನಾಲ್ಕೈದು ಹನಿ ಎಣ್ಣೆ ಸಾಕು. ವಾರ್ನಿಷ್ ಇರುವ ಮೇಪಲ್‌ಗೆ ಎಣ್ಣೆ ಬೇಕಿಲ್ಲ.

ಇಡುವ ಜಾಗದ ತೇವಾಂಶ 45ರಿಂದ 55 ಶೇಕಡಾ ಇದ್ದರೆ ನೆಕ್ ಸುಮ್ಮನಿರುತ್ತದೆ. ಆಕ್ಟಿವ್ ಪಿಕಪ್ ಇದ್ದರೆ ನುಡಿಸಿದ ಮೇಲೆ ಕೇಬಲ್ ಕೀಳಿ, ಪ್ಲಗ್ ಒಳಗಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ನೈಟ್ರೋಸೆಲ್ಯುಲೋಸ್ ಬಣ್ಣದ ಗಿಟಾರ್ ತಂದಿದ್ದರೆ ಸ್ಟ್ಯಾಂಡಿನ ರಬ್ಬರ್ ತೋಳುಗಳಿಗೆ ಹತ್ತಿ ಬಟ್ಟೆ ಸುತ್ತಿ. ರಬ್ಬರ್ ತಾಗಿದಲ್ಲಿ ಆ ಬಣ್ಣ ಮೆತ್ತಗಾಗಿ ಕಲೆ ಉಳಿಯುತ್ತದೆ.